ಶೇಣಿಯವರ ವಾಲಿ ಯಾವ ಕಪಾಟಿನಲ್ಲಿ?

ಪುಸ್ತಕ ಹುಡುಕಿಕೊಂಡು ಬರುವವರ ಬಳಿ ಏನಾದರೊಂದು ಗಟ್ಟಿ ಸುಳಿವಿರುತ್ತದೆ. ಲೇಖಕರ ಹೆಸರು ಗೊತ್ತಿರುತ್ತದೆ, ಇಲ್ಲವೇ ಪುಸ್ತಕದ ಹೆಸರು. ಎರಡೂ ಮರೆತಿದ್ದರೆ ರಟ್ಟಿನ ಬಣ್ಣವಾದರೂ ನೆನಪಿರುತ್ತದೆ. ಧ್ವನಿ ಹುಡುಕಿಕೊಂಡು ಬರುವವರ ರೀತಿಯೇ ಬೇರೆ. “ಬೆಳ್ಳಾರೆಯಲ್ಲೋ ಪಂಜದಲ್ಲೋ ಒಂದು ಮಳೆಗಾಲ ತಾಳಮದ್ದಳೆ ಆಗಿತ್ತು. ಶೇಣಿಯವರ ವಾಲಿ. ರಾಮ ಯಾರೆಂದು ಮರೆತುಹೋಗಿದೆ. ಭಾಗವತರು ಬಲಿಪರೋ ಮಂಡೆಚ್ಚರೋ. ನಮ್ಮ ಅಪ್ಪ ಆ ಕ್ಯಾಸೆಟ್ ಹಾಕಿ ಹಾಕಿ ಕೇಳ್ತಿದ್ರು. ನಿಮ್ಮಲ್ಲಿ ಉಂಟಾ?” ಎಂದು ಕೇಳುತ್ತಾರೆ.

ಈ ಪ್ರಶ್ನೆಯಲ್ಲಿ ಊರಿದೆ, ಋತುವಿದೆ, ಅರ್ಥಧಾರಿಯಿದ್ದಾರೆ, ಪಾತ್ರವಿದೆ, ಭಾಗವತರ ಬಗ್ಗೆ ಅರ್ಧ ನೆನಪಿದೆ. ಇಲ್ಲದೆ ಇರುವುದು ಆ ಪದ್ಯಗಳನ್ನು ಬರೆದವರ ಹೆಸರು. ಪಶ್ಚಿಮದ ಗ್ರಂಥಾಲಯಗಳಲ್ಲಿ ರೂಢಿಯಾದ ಕ್ರಮವಾದರೋ ಸಂಗೀತದ ಮುದ್ರಿಕೆಯೊಂದು ಕೈಗೆ ಬಂದ ಕೂಡಲೇ ಅದನ್ನೇ ಮೊದಲು ಕೇಳುತ್ತದೆ: ಕೃತಿಕಾರ ಯಾರು? ಹುಡುಕುವವರು ಒಂದು ಬಾಗಿಲಲ್ಲಿ ನಿಂತಿರುತ್ತಾರೆ, ಇಟ್ಟವರು ಇನ್ನೊಂದು ಬಾಗಿಲು ತೆರೆದಿಟ್ಟಿರುತ್ತಾರೆ. ಗ್ರಂಥಾಲಯದ ಕೆಲಸದಲ್ಲಿ ಆಯುಷ್ಯದ ದೊಡ್ಡ ಪಾಲು ಕಳೆದ ನಾನು ನಿವೃತ್ತಿಯ ನಂತರ ಪುತ್ತೂರು, ಸುಳ್ಯ, ಕಡಬದ ಕಡೆಯ ಪರಿಚಿತರ ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕ್ರಮಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದೇನೆ. ಈ ಬಾಗಿಲುಗಳ ವಿಚಾರ ಆ ಕೆಲಸದಿಂದ ಹುಟ್ಟಿದ್ದು.

ನಮ್ಮ ಸೀಮೆಯಷ್ಟು ಧ್ವನಿ ಕೂಡಿಟ್ಟ ಸೀಮೆಗಳು ಹೆಚ್ಚು ಇರಲಾರವು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ ನಮ್ಮ ಅಡಿಕೆ ತೋಟದ ಮನೆಗಳಿಗೆ ಬಂದು ಮುಟ್ಟುವಾಗ ಎಂಬತ್ತರ ದಶಕ ಹತ್ತಿರವಾಗಿತ್ತು. ಹೆಚ್ಚಿನ ಕಡೆ ಅದು ಕೊಲ್ಲಿ ರಾಷ್ಟ್ರದಲ್ಲಿದ್ದ ಅಣ್ಣನೋ ಭಾವನೋ ತಂದ ಟೇಪ್‌ರೆಕಾರ್ಡರಿನ ಜೊತೆ ಬಂತು. ಸಿನಿಮಾ ಹಾಡು ಕೇಳಲೆಂದು ಬಂದ ಆ ಯಂತ್ರವನ್ನು ನಮ್ಮವರು ಆಟದ ರಂಗಸ್ಥಳದ ಬುಡದಲ್ಲಿ, ತಾಳಮದ್ದಳೆಯ ಚಾಪೆಯ ಅಂಚಿನಲ್ಲಿ, ಭಜನೆಯ ಮಂಟಪದಲ್ಲಿ, ಮದುವೆ ಚಪ್ಪರದಲ್ಲಿ ಇಟ್ಟರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ರೇಡಿಯೋದ ಯಕ್ಷಗಾನವನ್ನೂ ತುಂಬಿಸಿಕೊಂಡರು. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಪುತ್ತೂರು ನರಸಿಂಹ ನಾಯಕರ ದಾಸರ ಪದಗಳ ಅಂಗಡಿ ಕ್ಯಾಸೆಟ್ ಇದೆ. ಉಪ್ಪಿನಂಗಡಿ ಬಳಿಯ ಕಾಂಚನದಲ್ಲಿ ಯಾರೋ ಮುಂದಿನ ಸಾಲಲ್ಲಿ ಕುಳಿತು ಹಿಡಿದ ಕರ್ನಾಟಕ ಸಂಗೀತದ ಕಛೇರಿ ಇದೆ. ಅಜ್ಜಿ ಹಾಡಿದ ಹವ್ಯಕ ಶೋಭಾನೆ, ಸುಳ್ಯದ ಗೌಡರ ಮನೆಯ ಅರೆಭಾಷೆ ಮದುವೆ ಹಾಡು, ನೇಜಿ ನೆಡುವ ಹೆಂಗಸರ ಓ ಬೇಲೆ, ನೆರೆಮನೆಯ ಬ್ಯಾರಿ ಗೆಳೆಯ ಕೊಟ್ಟ ಮಾಪಿಳ್ಳೆ ಪಾಟ್ಟು ಎಲ್ಲವೂ ಇವೆ. ಇವುಗಳ ನಡುವೆ ಅರ್ಧಕ್ಕೂ ಹೆಚ್ಚು ಜಾಗ ಹಿಡಿದಿರುವುದು ಯಕ್ಷಗಾನ ಮತ್ತು ತಾಳಮದ್ದಳೆ. ಇದು ಪೇಟೆಯ ಸಂಗ್ರಹಾಲಯದ ಆಯ್ದ ಮಾಲಲ್ಲ, ಒಂದು ಮನೆತನ ತನ್ನ ಕಿವಿಗೆ ಬಿದ್ದದ್ದರಲ್ಲಿ ಉಳಿಸಿಕೊಳ್ಳಬೇಕೆಂದುಕೊಂಡದ್ದು. ಆ ಕಾರಣಕ್ಕೇ ನನಗೆ ಇದರ ಮೇಲೆ ಹೆಚ್ಚು ಗೌರವ.

ಗ್ರಂಥಾಲಯ ಶಾಸ್ತ್ರದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಡ್ಯೂಯಿ ದಶಾಂಶ ಪದ್ಧತಿ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಸಂಗೀತಕ್ಕೆ 780ರಿಂದ ಮುಂದಿನ ಅಂಕೆಗಳು. 1989ರ 20ನೇ ಆವೃತ್ತಿಯಲ್ಲಿ ಸಂಗೀತದ ಭಾಗವನ್ನು ಬುಡದಿಂದಲೇ ಹೊಸದಾಗಿ ಬರೆದರು. ಹಾಡುಗಾರಿಕೆಗೆ 782, ವಾದ್ಯಗಳಿಗೆ 784ರಿಂದ 788, ಜನಪದ ಸಂಗೀತಕ್ಕೆ 781.62. ಓದುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಈಗ ಒಂದು ತಾಳಮದ್ದಳೆಯ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಭಾಗವತರು ಹಾಡುತ್ತಾರೆ, ಹಾಗಾದರೆ 782. ಚೆಂಡೆ ಮದ್ದಳೆ ಇದೆ, ಅದು ವಾದ್ಯ. ಆದರೆ ಮುಕ್ಕಾಲು ಹೊತ್ತು ಮಾತು: ವಾಲಿ ರಾಮನನ್ನು ಕೇಳುವ ಪ್ರಶ್ನೆ, ರಾಮ ಕೊಡುವ ಉತ್ತರ. ವೇಷವಿಲ್ಲ, ಕುಣಿತವಿಲ್ಲ, ಆದರೂ ಪಾತ್ರವಿದೆ, ಹಾಗಾಗಿ ರಂಗಭೂಮಿಯ 792ಕ್ಕೆ ಕಳಿಸಬೇಕೆನ್ನುವವರಿದ್ದಾರೆ. ಕೋಟಿ ಚೆನ್ನಯರ ಪಾಡ್ದನ ಹಾಡೋ ಕಥೆಯೋ? ಕಥೆಯೆಂದರೆ ಅದು 398ಕ್ಕೆ, ಜಾನಪದಕ್ಕೆ ಹೋಗುತ್ತದೆ. ಭಜನೆಯನ್ನು ಹಿಂದೂ ಧರ್ಮದ 294.5ಕ್ಕೆ ಕಳಿಸಿದರೂ ತಪ್ಪೆನ್ನುವಂತಿಲ್ಲ. ಒಂದೇ ಅಂಗಳದಲ್ಲಿ, ಒಂದೇ ವಾರದಲ್ಲಿ, ಅದೇ ಜನ ಕೇಳಿದ ಧ್ವನಿಗಳು ಗ್ರಂಥಾಲಯದ ನಾಲ್ಕು ಮೂಲೆಗಳಲ್ಲಿ ಹೋಗಿ ಕೂರುತ್ತವೆ.

ನಮ್ಮ ಊರಿನವರಿಗೆ ವಿಂಗಡಿಸುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅಡಿಕೆ ಸುಲಿದಾದ ಮೇಲೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂದು ಕಣ್ಣಳತೆಯಲ್ಲೇ ಬೇರೆ ಮಾಡುವವರು ನಾವು. ಆದರೆ ಅಡಿಕೆ ಒಂದೇ ಗೋಣಿಗೆ ಸೇರುತ್ತದೆ, ಪಟೋರವಾದದ್ದು ಉಳ್ಳಿಯೂ ಆಗಬೇಕಿಲ್ಲ. ಧ್ವನಿ ಹಾಗಲ್ಲ. ಮೇಲೆ ಹೇಳಿದ ಒಂದೇ ಕ್ಯಾಸೆಟ್ಟು ಶೇಣಿಯವರದ್ದು, ವಾಲಿಯದ್ದು, ಭಾಗವತರದ್ದು, ಮದ್ದಳೆಗಾರರದ್ದು, ಆ ಊರಿನದ್ದು, ಆ ರಾತ್ರಿಯದ್ದು. ಇದರಲ್ಲಿ ಯಾವುದೊಂದು ಗೋಣಿಗೆ ಹಾಕಿದರೂ ಉಳಿದ ಐದು ಕಡೆಯಿಂದ ಬಂದವರಿಗೆ ಅದು ಸಿಗುವುದಿಲ್ಲ.

ಈ ಗಂಟನ್ನು ಬಿಡಿಸುವ ಉಪಾಯ ನಮ್ಮ ಪಕ್ಕದಲ್ಲೇ ಇತ್ತು. ಎಸ್. ಆರ್. ರಂಗನಾಥನ್ 1933ರಲ್ಲಿ ಮದರಾಸಿನಿಂದ ಪ್ರಕಟಿಸಿದ ಕೋಲನ್ ವರ್ಗೀಕರಣದ ಜೀವಾಳವೇ ಅದು: ಒಂದು ವಸ್ತುವಿಗೆ ಒಂದೇ ಮುಖವಿಲ್ಲ, ಅದರ ಮುಖಗಳನ್ನು ಒಂದೊಂದಾಗಿ ಗುರುತಿಸು, ಆಮೇಲೆ ಜೋಡಿಸು. ವಸ್ತುವಿನ ವ್ಯಕ್ತಿತ್ವ, ಅದರ ದ್ರವ್ಯ, ಅದರ ಮೇಲೆ ನಡೆಯುವ ಕ್ರಿಯೆ, ದೇಶ, ಕಾಲ ಎಂದು ಐದು ಮೂಲ ಮುಖಗಳನ್ನು ಅವರು ಹೇಳಿದರು. ಅವರು ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿದ್ದೂ ಅಲ್ಲೇ. 1931ರಲ್ಲಿ ಅವರು ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ತನಗೆ ಬೇಕಾದ ಒಂದು ಪದ್ಯ ಹುಡುಕಲು ತೊಂಬತ್ತು ನಿಮಿಷವನ್ನೂ ಕೇಳಬೇಕಾದವನಿಗೆ ಆ ಸೂತ್ರದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಪುಸ್ತಕವನ್ನಾದರೂ ಮಗುಚಿ ನೋಡಬಹುದು. ಧ್ವನಿ ತನ್ನ ವೇಗದಲ್ಲೇ ಹರಿಯುತ್ತದೆ, ನಮ್ಮ ಅವಸರಕ್ಕೆ ಬಗ್ಗುವುದಿಲ್ಲ.

ಇದರಿಂದ ನಾನು ಕೈಗೊಂಡ ಕ್ರಮ ತೀರ ಸರಳ. ಇಡುವ ಜಾಗ ಬೇರೆ, ಹುಡುಕುವ ದಾರಿ ಬೇರೆ. ಕಪಾಟಿನಲ್ಲಿ ಕ್ಯಾಸೆಟ್ಟುಗಳು ನಂಬರಿನ ಪ್ರಕಾರ ಕೂರುತ್ತವೆ, ಬೇರೆ ಯಾವ ವಿಂಗಡಣೆಯೂ ಅಲ್ಲಿಲ್ಲ. ಬಂದ ಕ್ರಮದಲ್ಲಿ ಒಂದು, ಎರಡು, ಮೂರು. ಇನ್ನೂರ ಹನ್ನೊಂದನೆಯದು ದಾಸರ ಪದ, ಇನ್ನೂರ ಹನ್ನೆರಡನೆಯದು ಕರ್ಣಪರ್ವ ಆಗಿದ್ದರೂ ಆಗಲಿ, ಅವುಗಳ ನೆರೆಹೊರೆ ಕೆಡಿಸುವುದು ಬೇಡ. ಹೊಸ ಕ್ಯಾಸೆಟ್ ಬಂದರೆ ಕೊನೆಗೆ ಸೇರುತ್ತದೆ, ನಡುವೆ ಜಾಗ ಮಾಡುವ ತಾಪತ್ರಯವಿಲ್ಲ. ದಾರಿಗಳೆಲ್ಲ ಪಟ್ಟಿಯಲ್ಲಿರುತ್ತವೆ. ಭಾಗವತರ ಹೆಸರಿನಿಂದ, ಅರ್ಥಧಾರಿಗಳ ಹೆಸರಿನಿಂದ, ಪ್ರಸಂಗದಿಂದ, ಪಾತ್ರದಿಂದ, ಊರಿನಿಂದ, ಭಾಷೆಯಿಂದ, ವರ್ಷದಿಂದ ಯಾವ ಕಡೆಯಿಂದ ಹೊರಟರೂ ಕೊನೆಗೆ ಆ ಒಂದೇ ನಂಬರಿಗೆ ಬಂದು ನಿಲ್ಲಬೇಕು. ಹಿಂದೆ ಇದಕ್ಕೆ ರಾಶಿ ರಾಶಿ ಕಾರ್ಡು ಬೇಕಿತ್ತು, ಈಗ ಕಂಪ್ಯೂಟರಿನ ಒಂದು ಹಾಳೆ ಸಾಕು.

ಸರಳವೆಂದೆ. ಕಷ್ಟ ಶುರುವಾಗುವುದು ಹೆಸರುಗಳಲ್ಲಿ.

ಶೇಣಿ ಗೋಪಾಲಕೃಷ್ಣ ಭಟ್ಟರನ್ನು (1918–2006) ಯಾವ ಅಕ್ಷರದ ಕೆಳಗೆ ಬರೆಯಬೇಕು? ಮನೆತನದ ಹೆಸರು ಮೊದಲು ಎಂಬ ಪಾಶ್ಚಾತ್ಯ ರೂಢಿ ಹಿಡಿದರೆ ‘ಭಟ್’. ಹಾಗೆ ಮಾಡಿದರೆ ನಮ್ಮ ಸೀಮೆಯ ಕಲಾವಿದರಲ್ಲಿ ಅರ್ಧ ಮಂದಿ ಭಕಾರದಲ್ಲೇ ಒತ್ತಿಕೊಂಡು ಕೂರುತ್ತಾರೆ. 1978ರ ಆಂಗ್ಲೋ ಅಮೆರಿಕನ್ ಸೂಚೀಕರಣ ನಿಯಮಗಳು ದಕ್ಷಿಣ ಭಾರತದ ಹೆಸರುಗಳಿಗೆ ಬೇರೆ ದಾರಿ ತೋರಿಸಿದವು: ಮುಂದಿರುವುದು ಊರಿನ ಹೆಸರು, ಅದನ್ನು ಹಿಂದಕ್ಕೆ ಹಾಕಿ ಇಟ್ಟ ಹೆಸರಿನಿಂದ ನಮೂದಿಸಿ ಎಂದು. ಆಗ ಅವರು ಗಕಾರಕ್ಕೆ ಹೋಗುತ್ತಾರೆ. ಆದರೆ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ಎಂದು ಕೇಳಿ ನೋಡಿ, ಯಾವ ಗೋಪಾಲಕೃಷ್ಣ ಭಟ್ಟರು ಎಂದು ತಿರುಗಿ ಕೇಳುತ್ತಾರೆ. ಶೇಣಿ ಎಂದರೆ ಸಾಕು. ಬಲಿಪ, ಪದ್ಯಾಣ, ಪುತ್ತಿಗೆ, ಅಗರಿ, ನೆಡ್ಲೆ, ದಿವಾಣ, ಕುರಿಯ, ದೇರಾಜೆ: ಯಕ್ಷಗಾನದಲ್ಲಿ ಊರಿನ ಹೆಸರೋ ಮನೆಯ ಹೆಸರೋ ಮನುಷ್ಯನ ಗುರುತಾಗಿ ನಿಂತಿದೆ. ಜನ ಯಾವ ಹೆಸರಿನಿಂದ ಕೇಳುತ್ತಾರೋ ಅದೇ ಮುಖ್ಯ ನಮೂದು, ಉಳಿದ ಹೆಸರುಗಳಿಂದ ಅಲ್ಲಿಗೆ ಕೈಕಂಬ ಇರಬೇಕು. ನಿಯಮದ ಪುಸ್ತಕ ಏನೇ ಹೇಳಲಿ, ಈ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟೇ.

ಊರಿನ ಹೆಸರನ್ನು ಹಿಂದಕ್ಕೆ ತಳ್ಳಿದರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ನಮ್ಮ ಸುಳ್ಯ ತಾಲೂಕಿನ ಕಲ್ಮಡ್ಕದಲ್ಲಿ ಹುಟ್ಟಿ ಸುರತ್ಕಲ್ ಮೇಳದಲ್ಲಿ ದೀರ್ಘಕಾಲ ಹಾಡಿದ ಭಾಗವತರು ಪದ್ಯಾಣ ಗಣಪತಿ ಭಟ್ (1955–2021). ಉತ್ತರ ಕನ್ನಡದ ಹಾಸಣಗಿಯ ಗಣಪತಿ ಭಟ್ಟರು ಹಿಂದುಸ್ತಾನಿ ಗಾಯಕರು. ಒಂದು ಮನೆಯ ಹಳೆಯ ಪಟ್ಟಿಯಲ್ಲಿ ಇಬ್ಬರ ಧ್ವನಿಯೂ ‘ಗಣಪತಿ ಭಟ್, ಹಾಡು’ ಎಂಬ ಒಂದೇ ಸಾಲಿನಲ್ಲಿ ಸೇರಿಕೊಂಡಿತ್ತು. ಖಯಾಲ್ ಕೇಳಲು ಕುಳಿತವರಿಗೆ ಚೆಂಡೆಯ ಪೆಟ್ಟು ಕೇಳಿಸಿದರೆ ತೊಂದರೆಯೇನೂ ಇಲ್ಲ, ಇಬ್ಬರೂ ದೊಡ್ಡ ಗಾಯಕರು. ಆದರೆ ಮುಂದಿನ ತಲೆಮಾರಿನವರು ಆ ಪಟ್ಟಿಯನ್ನು ನಂಬಿ ಒಬ್ಬರ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದುಬಿಟ್ಟರೆ ಅದು ಕಲಾವಿದರಿಗೆ ಮಾಡುವ ಅನ್ಯಾಯ.

ಪ್ರಸಂಗದ ಹೆಸರಿನಲ್ಲೂ ಎಚ್ಚರ ಬೇಕು. ಬರೆಯುವವರ ಭಕ್ತಿಯಿಂದಾಗಿ ಅರ್ಧಕ್ಕರ್ಧ ಪ್ರಸಂಗಗಳು ‘ಶ್ರೀ’ಯಿಂದ ಶುರುವಾಗುತ್ತವೆ, ಅಕಾರಾದಿಯಲ್ಲಿ ಜೋಡಿಸಿದರೆ ಎಲ್ಲವೂ ಶಕಾರಕ್ಕೇ. ಕೃಷ್ಣ ಸಂಧಾನವನ್ನು ಒಬ್ಬರು ಶ್ರೀಕೃಷ್ಣ ಸಂಧಾನ ಎಂದಿರುತ್ತಾರೆ, ಇನ್ನೊಬ್ಬರು ಕೃಷ್ಣ ರಾಯಭಾರ ಎಂದಿರುತ್ತಾರೆ. ಒಂದು ಹೆಸರನ್ನು ನೆಚ್ಚಿ ಉಳಿದವನ್ನು ಅದಕ್ಕೆ ಕಟ್ಟಬೇಕು. ಇದು ಬೇಗ ಮುಗಿಯುವ ಕೆಲಸ.

ಊರಿನ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ. ಸುಬ್ರಹ್ಮಣ್ಯದಲ್ಲಿ ಎಂಬತ್ತರ ದಶಕದಲ್ಲಿ ಧ್ವನಿಮುದ್ರಿಸಿದ ಆಟದ ಕ್ಯಾಸೆಟ್ಟಿನ ಮೇಲೆ ‘ಸುಬ್ರಹ್ಮಣ್ಯ, ಸುಳ್ಯ ತಾ.’ ಎಂದಿದೆ. ಈಗ ಸುಬ್ರಹ್ಮಣ್ಯ ಕಡಬ ತಾಲೂಕಿನಲ್ಲಿದೆ. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಬಿಡಿಸಿ ಕಡಬವನ್ನು ಮಾಡಿದರು. ಹಿಂದಕ್ಕೆ ಹೋದರೆ ಇಡೀ ಜಿಲ್ಲೆಯೇ 1956ರ ತನಕ ಮದರಾಸಿನ ಆಡಳಿತದಲ್ಲಿತ್ತು, ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯಿತು. ಭಾಗವತರ ಊರು ಗಡಿಯ ಆಚೆ, ಹಾಡಿದ್ದು ಈಚೆ. ಕೇಳಿದವರು ಎರಡೂ ಕಡೆಯವರು. ಧ್ವನಿಯನ್ನು ತಾಲೂಕಿನ ಲೆಕ್ಕದಲ್ಲಿ ಇಟ್ಟರೆ ಸರ್ಕಾರ ಗೆರೆ ಎಳೆದಾಗಲೆಲ್ಲ ಪಟ್ಟಿ ತಿದ್ದುತ್ತಾ ಕೂರಬೇಕು. ಗ್ರಾಮದ ಹೆಸರು, ಸಾಧ್ಯವಾದರೆ ಮನೆಯ ಅಥವಾ ದೇವಸ್ಥಾನದ ಹೆಸರು, ಇಷ್ಟನ್ನು ಗಟ್ಟಿಯಾಗಿ ಬರೆದುಕೊಂಡರೆ ತಾಲೂಕು ಯಾವಾಗ ಬೇಕಾದರೂ ಪಕ್ಕದಲ್ಲಿ ಬದಲಾಗಲಿ. ಕ್ಯಾಸೆಟ್ಟಿನ ಮೇಲೆ ಅಂದು ಬರೆದದ್ದನ್ನು ಮಾತ್ರ ಅಳಿಸಬಾರದು. ಅದನ್ನು ಬರೆದವರು ಅಂದು ಆ ಊರನ್ನು ಯಾವ ಪೇಟೆಯ ಕಡೆಗೆ ಮುಖಮಾಡಿ ನೋಡುತ್ತಿದ್ದರು ಎಂಬುದೂ ಒಂದು ದಾಖಲೆ.

ಕೋಟಿ ಚೆನ್ನಯರ ಪಾಡ್ದನವನ್ನು ಪಟ್ಟಿ ಮಾಡುವಾಗ ಊರಿನ ಅಂಕಣಕ್ಕೆ ಇನ್ನೊಂದು ಅರ್ಥ ಬರುತ್ತದೆ. ಹಾಡಿದ ಊರು ಒಂದು, ಹಾಡಿನೊಳಗಿನ ಊರುಗಳು ಹಲವು. ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ನಾವು ಬಸ್ಸಿನಲ್ಲಿ ಹಾದುಹೋಗುವ ಊರುಗಳೇ. ಎಣ್ಮೂರಿನ ಹುಡುಗಿಯೊಬ್ಬಳು ತನ್ನ ಊರಿನ ಹೆಸರು ಬರುವ ಪಾಡ್ದನ ಬೇಕೆಂದು ಬಂದರೆ, ಅದನ್ನು ಬಂಟ್ವಾಳದಲ್ಲಿ ಹಾಡಿ ಧ್ವನಿಮುದ್ರಿಸಿದ್ದರೂ, ಅವಳಿಗೆ ಸಿಗಬೇಕಲ್ಲ. ಹಾಗಾಗಿ ಎರಡು ಅಂಕಣ ಮಾಡಿದೆ.

ರಾಗ ತಾಳಗಳ ಅಂಕಣವೂ ಬೇಕೆಂದು ಹಠ ಹಿಡಿದದ್ದಕ್ಕೆ ಪುತ್ತೂರಿನವರೇ ಆದ ಒಬ್ಬರು ಕಾರಣ. ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಳೆಯ ಪ್ರಸಂಗಗಳಲ್ಲಿ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ನಮೂದಿಸಿರುತ್ತಾರೆ. ಅವುಗಳಲ್ಲಿ ಹಲವು ರಾಗಗಳು ಹೆಸರಾಗಿ ಮಾತ್ರ ಉಳಿದು ಹಾಡುವವರಿಲ್ಲದಂತಾದವು ಎಂಬ ಕಳವಳ ಕಾರಂತರಿಗಿತ್ತು. ಹೆಸರಿದೆ, ನಾದವಿಲ್ಲ. ನಮ್ಮ ಪೆಟ್ಟಿಗೆಗಳಲ್ಲಿ ಇದು ತಿರುಗುಮುರುಗಾಗಿದೆ: ನಾದವಿದೆ, ಹೆಸರಿಲ್ಲ. ಬಲಿಪ ನಾರಾಯಣ ಭಾಗವತರು (1938–2023) ತಮ್ಮ ಏರು ಶ್ರುತಿಯಲ್ಲಿ ಘಂಟಾರವವನ್ನು ಎತ್ತಿಕೊಂಡ ಪದ್ಯ ಯಾವುದೋ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಇದ್ದರೆ, ‘ಬಲಿಪ, ಭಾಗ 3’ ಎಂಬ ಚೀಟಿಯಿಂದ ರಾಗ ಕಲಿಯುವ ಹುಡುಗನಿಗೆ ಏನು ಪ್ರಯೋಜನ? ಕರ್ನಾಟಕ ಸಂಗೀತದ ಕಛೇರಿಯನ್ನು ಕೃತಿ, ರಾಗ, ವಾಗ್ಗೇಯಕಾರ ಎಂದು ಬರೆಯಲು ನಾವು ಯಾರೂ ಮರೆಯುವುದಿಲ್ಲ. ಯಕ್ಷಗಾನಕ್ಕೆ ಆ ಮರ್ಯಾದೆ ಯಾಕಿಲ್ಲ ಎಂದು ನನಗೆ ಬೇಸರ.

ಇನ್ನು ಚೀಟಿಯೇ ಇಲ್ಲದ ಕ್ಯಾಸೆಟ್ಟುಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಕಾಗದ ಮೊದಲು ಹೋಗುತ್ತದೆ, ಟೇಪಿಗೆ ಬೂಷ್ಟು ಹಿಡಿಯುವುದು ಆಮೇಲೆ. ಅಂಟು ಬಿಟ್ಟ ಚೀಟಿಗಳೆಲ್ಲ ಪೆಟ್ಟಿಗೆಯ ಬುಡದಲ್ಲಿ ಒಟ್ಟಾಗಿ ಬಿದ್ದಿರುತ್ತವೆ, ಯಾವುದು ಯಾವುದರದ್ದೆಂದು ಹೇಳುವವರಿಲ್ಲ. ಆಗ ಕಿವಿಯೇ ಗತಿ.

ಕಿವಿಗೆ ಹೇಳುವುದಕ್ಕೆ ಟೇಪಿನಲ್ಲಿ ಬೇಕಾದಷ್ಟಿದೆ. ಜಾಗಟೆಯ ಪೆಟ್ಟು ಕೇಳಿದರೆ ತೆಂಕುತಿಟ್ಟು, ತಾಳದ ಕಿಣಿಕಿಣಿ ಕೇಳಿದರೆ ಬಡಗು. ಮಾತಿನ ಹಿಂದೆ ಹಂಚಿನ ಮೇಲೋ ಶೀಟಿನ ಮೇಲೋ ಮಳೆ ಬೀಳುತ್ತಿದ್ದರೆ ಅದು ಬಹುತೇಕ ತಾಳಮದ್ದಳೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳಗಳ ತಿರುಗಾಟ ನಿಂತು, ಕಲಾವಿದರು ಮನೆ ಚಾವಡಿಗಳಲ್ಲಿ ಅರ್ಥ ಹೇಳಲು ಕೂರುವ ಕಾಲ ಅದು. ಕೋಳಿ ಕೂಗಿದರೆ ರಾತ್ರಿ ಮುಗಿಯುತ್ತಾ ಬಂತು, ಅಂದರೆ ಆ ಕ್ಯಾಸೆಟ್ ಸರಣಿಯ ಕೊನೆಯದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಬದಿಗೆ ನಲವತ್ತೈದು ನಿಮಿಷ. ಇರುಳಿಡೀ ನಡೆದ ಆಟಕ್ಕೆ ಐದಾರು ಕ್ಯಾಸೆಟ್ ಬೇಕು, ಅವುಗಳ ಕ್ರಮ ತಪ್ಪಿದರೆ ವಾಲಿ ಸತ್ತ ಮೇಲೆ ಸುಗ್ರೀವ ಕಾದಾಟಕ್ಕೆ ಕರೆಯುತ್ತಾನೆ. ಅದಕ್ಕೆ ಪ್ರಸಂಗದ ಪುಸ್ತಕವನ್ನೇ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಪ್ರತಿ ಬದಿಯಲ್ಲಿ ಕೇಳುವ ಮೊದಲ ಪದ್ಯ ಪುಸ್ತಕದಲ್ಲಿ ಎಷ್ಟನೆಯದು ಎಂದು ಗುರುತು ಮಾಡಿಕೊಂಡರೆ ಸರಣಿ ತಾನಾಗಿ ಜೋಡಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಭಾಗ ಇದು. ಭಾಗವತರು ಯಾವ ಪದ್ಯ ಬಿಟ್ಟರು, ಯಾವುದನ್ನು ಮುಂದಕ್ಕೆ ತಂದರು ಎಂಬುದೂ ಜೊತೆಯಲ್ಲೇ ಬೆಳಕಿಗೆ ಬರುತ್ತದೆ.

ಹಳೆಯ ಗ್ರಾಮಫೋನಿನವರಿಗೆ ಈ ಕಷ್ಟದ ಅರಿವು ಮೊದಲೇ ಇತ್ತು. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದ್ದು ಜಂಬಕ್ಕಲ್ಲ. ಮುದ್ರಿಕೆ ತಯಾರಾಗಬೇಕಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿದು ಸರಿಯಾದ ಚೀಟಿ ಅಂಟಿಸಬೇಕಿತ್ತು. ಚೀಟಿ ಬಿದ್ದುಹೋದರೂ ಹೆಸರು ಧ್ವನಿಯಲ್ಲೇ ಉಳಿಯಿತು. ನಮ್ಮ ಚಾವಡಿಗಳಲ್ಲಿ ಟೇಪಿನ ಕೆಂಪು ಗುಂಡಿ ಒತ್ತಿದವರು ಅಷ್ಟು ದೂರ ಯೋಚಿಸಲಿಲ್ಲ. ಅವರ ಪಾಲಿಗೆ ಹಾಡಿದವರು, ಮಾತಾಡಿದವರು ಎಲ್ಲರೂ ಎದುರಿಗೇ ಕುಳಿತಿದ್ದರಲ್ಲ.

ಎದುರಿಗೆ ಕುಳಿತವರಲ್ಲಿ ಕೆಲವರು ಇನ್ನೂ ಇದ್ದಾರೆ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಒಳಗಿನ ಮನೆಯಲ್ಲಿರುವ ಒಬ್ಬ ಹಿರಿಯರು ತಮ್ಮ ಪ್ರಾಯಕಾಲದಲ್ಲಿ ಊರ ತಾಳಮದ್ದಳೆಗಳಿಗೆ ಮದ್ದಳೆ ಬಾರಿಸಿದವರು. ಕಣ್ಣು ಮಂದವಾಗಿದೆ, ಕಿವಿ ಮಾತ್ರ ಚುರುಕು. ಹೆಸರಿಲ್ಲದ ಕ್ಯಾಸೆಟ್ಟುಗಳನ್ನು ಅವರಲ್ಲಿಗೆ ಕೊಂಡುಹೋಗಿ ಕೇಳಿಸುತ್ತೇನೆ.

“ನಿಲ್ಲಿಸಿ ಮಾಷ್ಟ್ರೆ. ಆ ಬಿಡ್ತಿಗೆ ಇನ್ನೊಮ್ಮೆ ಹಾಕಿ.”

ಹಿಂದಕ್ಕೆ ತಿರುಗಿಸಿ ಹಾಕಿದೆ. ಬೆರಳು ಮಂಚದ ಪಟ್ಟಿಯ ಮೇಲೆ ಆಡಿತು.

“ಇದು ಮೇಳದವರಲ್ಲ. ನಮ್ಮ ಶಾಲೆಯ ಮಾಷ್ಟ್ರು ಇದ್ದರಲ್ಲ, ಅವರ ಕೈ. ಅರ್ಥ ಹೇಳುವವರು ಜೀನಸಿನ ಅಂಗಡಿ ಇಟ್ಟಿದ್ದವರು. ಪೇಟೆಯಲ್ಲಿ ಅವರನ್ನು ಯಾರೂ ಕೇಳಿದ್ದಿಲ್ಲ. ಆದರೆ ಅವರ ವಿದುರ ಕೇಳಬೇಕು ಮಾರಾಯ್ರೆ.”

“ಹೆಸರು ಬರೆದುಕೊಳ್ಳಲಾ ಮಾವ?”

“ಬರೀರಿ. ಮನೆ ಹೆಸರು ಸಮೇತ ಬರೀರಿ. ಇನ್ನು ಯಾರು ಹೇಳ್ತಾರೆ?”

ಶೇಣಿಯವರನ್ನೋ ಬಲಿಪರನ್ನೋ ಗುರುತಿಸಲು ಇವತ್ತೂ ನೂರಾರು ಮಂದಿ ಇದ್ದಾರೆ, ನಾಳೆಯೂ ಇರುತ್ತಾರೆ. ಆ ಅಂಗಡಿಯವರ ವಿದುರನನ್ನು ಗುರುತಿಸಲು ಇರುವವರು ಇವರೊಬ್ಬರೇ ಇರಬಹುದು. ನಮ್ಮ ತಾಳಮದ್ದಳೆ ಉಳಿದದ್ದು ಹೆಸರಾಂತರಿಂದ ಎಷ್ಟೋ, ಹಗಲು ತೋಟ, ಶಾಲೆ, ಅಂಗಡಿ ನೋಡಿಕೊಂಡು ರಾತ್ರಿ ಅರ್ಥ ಹೇಳಿದ ಹವ್ಯಾಸಿಗಳಿಂದಲೂ ಅಷ್ಟೇ. ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥವರು ಅಂಥ ನೆಲದಿಂದಲೇ ಬಂದವರು. ಪಟ್ಟಿಯಲ್ಲಿ ‘ಇತರರು’ ಎಂಬ ಪದ ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಹೆಂಗಸರ ಹಾಡುಗಳ ವಿಷಯದಲ್ಲಿ ಇದು ಇನ್ನೂ ನೋವಿನ ಸಂಗತಿ. ಗಂಡಸರ ಕ್ಯಾಸೆಟ್ಟಿನ ಮೇಲೆ ಭಾಗವತರ ಹೆಸರಾದರೂ ಇದೆ. ನೇಜಿ ನೆಡುತ್ತಾ ಪಾಡ್ದನ ಹಾಡಿದವರ ಕ್ಯಾಸೆಟ್ಟಿನ ಮೇಲೆ ‘ಗದ್ದೆ ಹಾಡು’ ಎಂದಷ್ಟೇ ಇರುತ್ತದೆ. ಅದೇ ಕಾಲದಲ್ಲಿ ಸರಿಯಾಗಿ ಮಾಡಿದವರೂ ಇದ್ದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿದರು. 1998ರಲ್ಲಿ ಅದು 15,683 ಸಾಲುಗಳ ಕಾವ್ಯವಾಗಿ ಎರಡು ಸಂಪುಟಗಳಲ್ಲಿ ಅಚ್ಚಾದಾಗ ಶೀರ್ಷಿಕೆಯಲ್ಲೇ ಹಾಡಿದವರ ಹೆಸರಿತ್ತು. ಯಾರು, ಎಲ್ಲಿ, ಯಾವಾಗ, ಯಾರ ಎದುರು ಎಂಬುದೆಲ್ಲ ದಾಖಲಾದ್ದರಿಂದ ಇಂದು ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಆ ಧ್ವನಿಯ ಮೂಲಕ್ಕೆ ಬರಬಹುದು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಬೆಳೆಸಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಕೇಂದ್ರವೂ ಈ ಶಿಸ್ತನ್ನು ನಮ್ಮ ಕರಾವಳಿಗೆ ತಂದಿತ್ತು. ಮನೆಗಳ ತನಕ ಅದು ಬರಲಿಲ್ಲ ಅಷ್ಟೇ.

ಈಗ ಎಲ್ಲರೂ ಡಿಜಿಟಲ್ ಮಾಡಿಸುವ ಅವಸರದಲ್ಲಿದ್ದಾರೆ. ಮಾಡಿಸಲೇಬೇಕು, ಟೇಪಿಗೆ ಕಾಯುವ ಶಕ್ತಿ ಇಲ್ಲ, ಅದನ್ನು ಓಡಿಸುವ ಯಂತ್ರ ರಿಪೇರಿ ಮಾಡುವವರೂ ಸಿಗುವುದಿಲ್ಲ. ಧ್ವನಿ ಸಂಗ್ರಹಾಲಯಗಳವರು ಒಪ್ಪಿಕೊಂಡಿರುವ ಮಟ್ಟ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್. ಆ ಲೆಕ್ಕದಲ್ಲಿ ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು, ಇಂದಿನ ದಿನಕ್ಕೆ ಅದು ದೊಡ್ಡ ಖರ್ಚಲ್ಲ. ಆದರೆ ಪೇಟೆಯ ಅಂಗಡಿಯೊಂದಕ್ಕೆ ಚೀಲ ತುಂಬ ಕ್ಯಾಸೆಟ್ ಕೊಟ್ಟ ಮನೆಯವರಿಗೆ ತಿರುಗಿ ಸಿಕ್ಕಿದ್ದು ‘ಟ್ರ್ಯಾಕ್ 01’ರಿಂದ ‘ಟ್ರ್ಯಾಕ್ 86’ರವರೆಗಿನ ಪೆನ್‌ಡ್ರೈವ್. ಕ್ಯಾಸೆಟ್ಟುಗಳನ್ನು ಬಿಸಾಡಿಯಾಗಿತ್ತು, ಚೀಟಿಗಳೂ ಅದರ ಜೊತೆ ಹೋದವು. ವಾಟ್ಸಾಪಿನಲ್ಲಿ ಹರಿದಾಡುವ ಪದ್ಯಗಳದ್ದೂ ಇದೇ ಪಾಡು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಹೆಸರು ಕಳಚಿ, ಬರೀ ತಾರೀಕು ಮತ್ತು ನಂಬರಾಗಿ ಉಳಿಯುತ್ತದೆ. ಆ ತಾರೀಕಾದರೂ ಕಳಿಸಿದ ದಿನದ್ದು, ಹಾಡಿದ ದಿನದ್ದಲ್ಲ. ಧ್ವನಿ ಸಾವಿರ ಜನರನ್ನು ಮುಟ್ಟಿದೆ, ಹಾಡಿದವರು ಯಾರೆಂದು ಅವರಲ್ಲಿ ಒಬ್ಬರಿಗೂ ತಿಳಿಯದು.

ನಿಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದ್ದೀತು. ಅದನ್ನು ಅಂಗಡಿಗೆ ಕೊಡುವ ಮೊದಲು ಕೆಳಗಿಳಿಸಿ. ಪ್ರತಿ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕಿನ ಮೇಲೇ, ಚೀಟಿಯ ಮೇಲಲ್ಲ, ಅಳಿಯದ ಪೆನ್ನಿನಲ್ಲಿ ಒಂದು ನಂಬರು ಬರೆಯಿರಿ. ಒಂದು ನೋಟುಬುಕ್ಕಿನಲ್ಲಿ ಅದೇ ನಂಬರಿನ ಎದುರು ಯಾರು, ಯಾವ ಪ್ರಸಂಗ ಅಥವಾ ಹಾಡು, ಯಾವ ಊರು, ಯಾವ ವರ್ಷ ಎಂದು ತಿಳಿದಷ್ಟು ಬರೆಯಿರಿ. ತಿಳಿಯದ ಕಡೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಮನೆಯಲ್ಲಿ ಆ ಧ್ವನಿಗಳನ್ನು ಗುರುತಿಸಬಲ್ಲ ಅಪ್ಪನೋ ದೊಡ್ಡಮ್ಮನೋ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಡಿಜಿಟಲ್ ಮಾಡಿಸುವುದನ್ನು ಮುಂದಿನ ವರ್ಷವೂ ಮಾಡಿಸಬಹುದು. ಈ ಕೆಲಸವನ್ನು ಈ ಮಳೆಗಾಲದಲ್ಲೇ ಮಾಡಿ.